ಕರೆದರೆ ತಿರುಗಬೇಕು

ಬುಗುರಿಗೆ ಮೂರೂವರೆ ವರ್ಷ. ಕರೆದರೆ ತಿರುಗುವುದಿಲ್ಲ. ಪಾತ್ರೆಯ ಮುಚ್ಚಳ, ಬಾಟಲಿಯ ಬಿರಡೆ, ಮುರಿದ ಕಾರಿನ ಚಕ್ರ, ಕೈಗೆ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ಗರಗರ ತಿರುಗಿಸುತ್ತ ಕೂರುತ್ತಾನೆ. ಅವನ ಅಪ್ಪನ ತಂಗಿ ಅದಕ್ಕೇ ಆ ಹೆಸರಿಟ್ಟಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಕಿವಿಯಲ್ಲಿ ದೋಷವಿಲ್ಲ ಎಂದು ಕಿವಿ ಡಾಕ್ಟರು ಹೇಳಿ ಕಳಿಸಿದರು. ಮಕ್ಕಳ ಡಾಕ್ಟರು ಮಾತ್ರ ಅರ್ಧ ಗಂಟೆ ಅವನನ್ನೇ ನೋಡಿ ಆಮೇಲೆ ಬಾಯಿ ಬಿಟ್ಟರು. "ಆಟಿಸಂ. ಎದೆಗುಂದಬೇಡಿ. ಹಾಗಂತ ಕೂತು ಕಾಯಲೂಬೇಡಿ. ಬೇಗ ಶುರು ಮಾಡಿದಷ್ಟೂ ಒಳ್ಳೇದು. ಯಾವುದಾದರೂ ತರಬೇತಿಗೆ ಹಚ್ಚಿ."

ಯಾವುದಕ್ಕೆ ಎಂಬುದೇ ಆ ಮನೆಯ ಜಗಳ.

ಮನೆಯಲ್ಲಿದ್ದದ್ದು ನಾಲ್ಕು ಜನ. ಬುಗುರಿ, ಅವನ ಅಮ್ಮ, ಅಪ್ಪ, ಅಜ್ಜಿ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅಮ್ಮ, ಅಂದರೆ ಆ ಮನೆಯ ಸೊಸೆ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಮಾಡುತ್ತಿದ್ದಳು. ಹೊಲಿದು ಬಂದ ಅಂಗಿಯ ಕಾಲರು ಮಗುಚಿ, ತೋಳು ಎಳೆದು, ಹೊಲಿಗೆ ಬಿಟ್ಟ ಕಡೆ ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಮಗುವನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವರು ಅತ್ತೆ. ಊಟಕ್ಕೆ ತಟ್ಟೆ ಹಾಕುವಾಗ ಅತ್ತೆ ಯಾವಾಗಲೂ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಅದನ್ನೇ ಒಂದು ಗಳಿಗೆ ನೋಡಿ, ಒರೆಸಿ ವಾಪಸ್ಸು ಒಳಗಿಡುತ್ತಿದ್ದರು. ತೀರಿಹೋದ ಮಾವನ ತಟ್ಟೆ ಇರಬೇಕು ಎಂದುಕೊಂಡು ಸೊಸೆ ಕೇಳಲು ಹೋಗಿರಲಿಲ್ಲ. ಹಿಂದಿನ ಕೋಣೆಯ ಬಾಗಿಲಿಗೆ ಹೊರಗಡೆಯಿಂದ, ಆಳೆತ್ತರದಲ್ಲಿ ಒಂದು ಚಿಲಕವಿತ್ತು. ಅದನ್ನೂ ಕೇಳಿರಲಿಲ್ಲ. ಹಳೇ ಮನೆ, ಯಾರೋ ಹಾಕಿಸಿರುತ್ತಾರೆ.

ರಜಾದಿನ ಊಟಕ್ಕೆ ನಾದಿನಿ ಬಂದಳು. ಅವಳು ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಗಿರಾಕಿಗಳ ತಲೆಯ ಜೊತೆಗೆ ಅವರ ಸಲಹೆಗಳನ್ನೂ ಹೊತ್ತು ತರುತ್ತಿದ್ದಳು.

"ಕುದುರೆ ಸವಾರಿ ಮಾಡಿಸಿದ್ರೆ ಮಾತು ಬರುತ್ತಂತೆ ಕಣೋ ಅಣ್ಣ."

"ಯಾರಿಗೆ, ಕುದುರೆಗಾ?" ಎಂದ ಅಣ್ಣ, ಆಲೂಗಡ್ಡೆ ಹಿಸುಕುತ್ತ.

"ತಮಾಷೆ ಬೇಡ. ಇನ್ನೊಬ್ಬರು ಹೇಳಿದ್ರು, ನಾಲಿಗೆಗೆ ಜೇನು ತಿಕ್ಕಿ ಮಾತಾಡಿಸೋರು ಇದ್ದಾರಂತೆ. ಮೂರೇ ತಿಂಗಳಂತೆ."

"ನಿನ್ನ ನಾಲಿಗೆಗೆ ಯಾರು ತಿಕ್ಕಿದ್ರೇ?" ಎಂದರು ಅತ್ತೆ. "ನಿಲ್ಲೋದೇ ಇಲ್ಲ."

ಸೊಸೆ ನಗಲಿಲ್ಲ. ಅವಳು ಎರಡು ಥರದ ತರಬೇತಿ ವಿಚಾರಿಸಿಕೊಂಡು ಬಂದಿದ್ದಳು. ಎರಡೂ ಒಂದೇ ಕೇಂದ್ರದವು. "ಒಂದು ಬೆಳಗಿನ ತಂಡ. ದಿನಾ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕರ್ಕೊಂಡು ಬರೋದು. ಎಂಟೇ ಮಕ್ಕಳು. ಕಲಿತವರು ಪಕ್ಕದಲ್ಲೇ ಕೂತು ಕಲಿಸ್ತಾರೆ. ಮನೆಯವರು ಹೊರಗಿರಬೇಕು. ಇನ್ನೊಂದು ಮನೆ ಪಾಠ. ಅವರು ವಾರಕ್ಕೊಂದು ಸಲ ಬಂದು ನಮಗೆ ಹೇಳಿಕೊಡ್ತಾರೆ. ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ಆಟ ಆಡಿಸುವಾಗ ನಾವು ಕಲಿಸಬೇಕು."

"ಎರಡನೇದೇ ಒಳ್ಳೇದು," ಎಂದರು ಅತ್ತೆ. "ಮನೇಲೇ ಇರ್ತಾನಲ್ಲ."

"ಮನೇಲಿ ಅವನೇನು ಕೇಳ್ತಾನೆ ಅತ್ತೆ? ಕೈ ಚಾಚೋ ಮೊದಲೇ ನೀವು ಮೊಟ್ಟೆ ಸುಲಿದು ಬಾಯಿಗಿಟ್ಟಿರ್ತೀರಿ. ಬಾಯಾರಿಕೆ ಆಗೋ ಮೊದಲೇ ನೀರು. ಅವನಿಗೆ ಮಾತಿನ ಅಗತ್ಯವೇ ಬೀಳಲ್ಲ."

"ಓಹೋ. ಹೊಟ್ಟೆಗೆ ಹಾಕಿದ್ದು ತಪ್ಪಾಯ್ತು."

"ಹಾಗಂದ್ನಾ ನಾನು?"

"ಅನ್ನು, ಅನ್ನು. ಬಾಗಿಲು ಹಾಕ್ಕೊಂಡು ಅನ್ಯರು ಕಲಿಸಿದ್ರೆ ಮಾತ್ರ ವಿದ್ಯೆ."

ಗಂಡ ತಟ್ಟೆ ಎತ್ತಿಕೊಂಡು ಹೋಗಿ ತೊಳೆದ. ಅವನು ತಟ್ಟೆ ತೊಳೆದನೆಂದರೆ ಆ ವಿಷಯದಲ್ಲಿ ತನ್ನದೇನೂ ಮಾತಿಲ್ಲ ಎಂದರ್ಥ. ಕೊನೆಗೆ ಕೇಂದ್ರದವರೇ ಮಗುವನ್ನು ನೋಡಿ ಯಾವುದು ಬೇಕೋ ಹೇಳಲಿ ಎಂದಾಯಿತು. ಪರೀಕ್ಷೆಗೆ ಹದಿನೈದು ದಿನ ಬಿಟ್ಟು ಬರಹೇಳಿದ್ದರು. "ಏನೇನು ನೋಡ್ತಾರಂತೆ?" ಎಂದು ಅತ್ತೆ ಕೇಳಿದರು. ಸೊಸೆ ಹೇಳಿದಳು: ಬೊಂಬೆ ಕೊಟ್ಟು ಆಡಿಸುತ್ತಾರೆ, ಕೈಯಿಂದ ಏನಾದರೂ ಕಿತ್ತುಕೊಂಡು ಮುಖ ನೋಡುತ್ತಾನಾ ಎಂದು ನೋಡುತ್ತಾರೆ, ಬೆನ್ನ ಹಿಂದೆ ನಿಂತು ಹೆಸರು ಕರೆಯುತ್ತಾರೆ.

ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿ, ಮತ್ತೆ ಹಿಂಡಿ, ಹಗ್ಗದ ಮೇಲೆ ಹರವಿದರು. "ಈಗಲೂ ಬೆನ್ನ ಹಿಂದೇನೇ ನಿಂತು ಕರೀತಾರಾ?" ಎಂದರು.

ಆ ಹದಿನೈದು ದಿನ ಅತ್ತೆ ಹುರುಪಿನಲ್ಲಿದ್ದರು. ಕೆಲಸದಿಂದ ಬಂದಾಗ ಸೊಸೆಗೆ ಕಾಣುತ್ತಿದ್ದದ್ದು ಒಂದೇ ನೋಟ: ನೆಲದ ಮೇಲೆ ಮಗು, ಅದರ ಹಿಂದೆ ಅಜ್ಜಿ, ಪಕ್ಕದಲ್ಲಿ ಜಾಮಿನ ಬಾಟಲಿ. ಒಂದು ಬೆರಳು ಜಾಮು, ಒಂದು ತುಂಡು ಬ್ರೆಡ್ಡು. "ಏನಾಟ ಅತ್ತೆ?" ಎಂದರೆ, "ಅಜ್ಜಿ ಮೊಮ್ಮಗನ ಆಟಕ್ಕೆ ನಿನಗೂ ಟಿಕೇಟು ಬೇಕಾ?" ಎನ್ನುತ್ತಿದ್ದರು. ಎರಡು ಸಲ ಅವರು ಮಗುವನ್ನು "ದೊಡ್ಡೋನೇ" ಎಂದು ಕರೆದದ್ದು ಕಿವಿಗೆ ಬಿತ್ತು. ಒಬ್ಬನೇ ಮಗ; ಇದರಲ್ಲಿ ದೊಡ್ಡೋನು ಯಾರು, ಚಿಕ್ಕೋನು ಯಾರು? ಮುದ್ದಿಗೆ ಅಂದಿರಬೇಕು ಎಂದು ಸುಮ್ಮನಾದಳು.

ಪರೀಕ್ಷೆಯ ದಿನ ಗಂಡನಿಗೆ ತುರ್ತು ಕೆಲಸ ಬಂತು. ಅತ್ತೆ ಜೊತೆಗೆ ಬಂದರು, ಬಿಸಿಲಿದ್ದರೂ ಶಾಲು ಹೊದ್ದು. ಕೇಂದ್ರದ ಕಿಟಕಿಯಾಚೆ ರಸ್ತೆ ಅಗೆಯುವ ಯಂತ್ರ ಗುಡುಗುತ್ತಿತ್ತು. ಸೊಸೆಯನ್ನು ಬಾಗಿಲ ಬಳಿ ಕೂರಿಸಿದರು. ಅತ್ತೆ ಮಗುವಿನ ಹತ್ತಿರ ಗೋಡೆಗೊರಗಿ ಕೂತರು, ಎರಡೂ ಕೈ ಶಾಲಿನೊಳಗೆ.

"ಮನೇಲಿ ಏನಂತ ಕರೀತೀರಿ?" ಎಂದರು ಕೇಂದ್ರದ ಮೇಡಂ.

"ಬುಗುರಿ."

ಮೇಡಂ ನಕ್ಕು, ಮಗು ಆಟದ ಕಾರಿನ ಚಕ್ರ ತಿರುಗಿಸುವುದರಲ್ಲಿ ಮುಳುಗುವ ತನಕ ಕಾದು, ಬೆನ್ನ ಹಿಂದೆ ನಿಂತು ಕರೆದರು. "ಬುಗುರಿ."

ಬುಗುರಿ ತಿರುಗಿ ನೋಡಿದ.

ಸೊಸೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಮೇಡಂ ಇನ್ನೊಮ್ಮೆ ಕರೆದರು. ತಿರುಗಿದ. ಕಾರು ಕಿತ್ತುಕೊಂಡರು. ಮುಖ ನೋಡಿದ. ಪೂರ್ತಿ ಮುಖವಲ್ಲ, ಗೋಡೆಯ ಕಡೆಗೆ ಒಂದಿಷ್ಟು ವಾರೆಯಾಗಿ. ಆದರೂ ನೋಡಿದ.

"ಹೆಸರಿಗೆ ಓಗೊಡ್ತಾನೆ, ಮುಖ ನೋಡ್ತಾನೆ," ಎಂದರು ಮೇಡಂ. "ಇವನಿಗೆ ಬೆಳಗಿನ ತಂಡ ಬೇಕಾಗಲ್ಲ. ಮನೆ ಪಾಠ ಸಾಕು. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಮಗುವಿಗೆ ಐಸ್‌ಕ್ರೀಂ ಕೊಡಿಸಿದರು. ತಾವೂ ಒಂದು ತಿಂದರು. ಅವರು ಐಸ್‌ಕ್ರೀಂ ತಿನ್ನುವುದನ್ನು ಸೊಸೆ ಅದೇ ಮೊದಲ ಸಲ ನೋಡಿದ್ದು.

ಅದಾಗಿ ನಾಲ್ಕೈದು ದಿನಕ್ಕೆ, ರಜೆಯ ಬೆಳಿಗ್ಗೆ, ಸೊಸೆ ಬ್ರೆಡ್ಡಿಗೆಂದು ಜಾಮಿನ ಬಾಟಲಿ ಎತ್ತಿಕೊಂಡಳು. ಮುಚ್ಚಳದ ನಡುವೆ ಹೆಬ್ಬೆರಳು ಬಿತ್ತು. ತಗಡು ಒಳಗೆ ಕುಸಿದು ಮೇಲೆದ್ದಿತು. ಟಿಕ್.

ಕೋಣೆಯ ಆಚೆ ಮೂಲೆಯಲ್ಲಿದ್ದ ಬುಗುರಿ ದಾರ ಎಳೆದಂತೆ ತಿರುಗಿದ. ಬಾಯಿ ತೆರೆದ.

ಅವಳು ನಿಂತಲ್ಲೇ ನಿಂತಳು. ಅವನು ಮತ್ತೆ ಆಟಕ್ಕೆ ಮರಳುವ ತನಕ ಕಾದಳು. "ಬುಗುರಿ," ಎಂದಳು. ಇಲ್ಲ. "ಬುಗುರಿ, ಚಿನ್ನ, ಇಲ್ನೋಡು." ಇಲ್ಲ. ಟಿಕ್. ತಿರುಗಿದ.

ಸಾವಿರ ಅಂಗಿಯಲ್ಲಿ ಒಂದು ಬಿಟ್ಟ ಹೊಲಿಗೆ ಹಿಡಿಯುವವಳು ತಾನು, ಇದು ಹೇಗೆ ತಪ್ಪಿತು? ಅಡುಗೆಮನೆಗೆ ಹೋದಳು. ಅತ್ತೆ ಮೊಟ್ಟೆ ಸುಲಿಯುತ್ತಿದ್ದರು. ನಾದಿನಿ ಆಗಷ್ಟೇ ಬಂದು ಚಹಾ ಬಗ್ಗಿಸಿಕೊಳ್ಳುತ್ತಿದ್ದಳು.

"ಅತ್ತೆ, ಅವತ್ತು ಶಾಲಿನೊಳಗೆ ಏನಿತ್ತು?"

"ಕೈ ಇತ್ತು."

"ಕೈಯಲ್ಲಿ?"

"ಬೆರಳಿತ್ತು. ಏನೇ ಇದು, ಪೊಲೀಸ್ ವಿಚಾರಣೆ?"

ಸೊಸೆ ಮುಚ್ಚಳವನ್ನು ಮೇಜಿನ ಮೇಲಿಟ್ಟು ಒತ್ತಿದಳು. ಟಿಕ್. ಒಳಗಿನಿಂದ ಬುಗುರಿ ಓಡಿ ಬಂದು ಬಾಗಿಲಲ್ಲಿ ನಿಂತ. ನಾದಿನಿ ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು.

"ಮೋಸ ಮಾಡಿದ್ರಿ," ಎಂದಳು ಸೊಸೆ.

"ಮಗು ತಿರುಗ್ತೋ ಇಲ್ವೋ? ತಿರುಗ್ತು. ಅವರಿಗೆ ಬೇಕಾಗಿದ್ದು ಅದೇ ತಾನೆ?"

"ಇವನಿಗೆ ಬೇಕಾಗಿದ್ದೇನು ಅತ್ತೆ? ಆರು ತಿಂಗಳು ಹಾಳಾಗುತ್ತೆ. ಬೆಳಗಿನ ತಂಡ ಬರೋ ವಾರ ಶುರು. ನಾಳೆ ಹೋಗಿ ಮೇಡಂಗೆ ಎಲ್ಲ ಹೇಳ್ತೀನಿ. ಮತ್ತೆ ಪರೀಕ್ಷೆ ಮಾಡ್ಲಿ."

"ಹೋಗು. ನನ್ನ ಹೆಣ ದಾಟ್ಕೊಂಡು ಹೋಗು."

"ಅಮ್ಮಾ," ಎಂದಳು ನಾದಿನಿ. "ಅತ್ತಿಗೆಗೆ ಯಾರೂ ಹೇಳೇ ಇಲ್ವಾ?"

"ನೀನು ಬಾಯಿ ಮುಚ್ಚು."

"ಮುಚ್ಚಿ ಮುಚ್ಚಿಯೇ ಹೀಗಾಗಿದ್ದು. ಅತ್ತಿಗೆ, ಹಿಂದಿನ ಕೋಣೆಗೆ ಆ ಚಿಲಕ ಯಾಕಿದೆ ಅಂತ ಯಾವತ್ತಾದ್ರೂ ಯೋಚಿಸಿದೀಯಾ? ನಿನ್ನ ಗಂಡನಿಗೊಬ್ಬ ಅಣ್ಣ ಇದ್ದ. ಹೀಗೇ. ಮಾತಿಲ್ಲ, ಕರೆದ್ರೆ ತಿರುಗಲ್ಲ, ಬಾಗಿಲು ತೆಗೆದಿದ್ರೆ ಬೀದಿಗೆ ಓಟ. ನಾನು ನೋಡಿಲ್ಲ. ನಾನು ಆಮೇಲೆ ಹುಟ್ಟಿದವಳು. ಖಾಲಿ ಜಾಗ ತುಂಬೋಕೆ."

ಬುಗುರಿ ಬಂದು ಮೇಜಿನ ಮೇಲಿನ ಮುಚ್ಚಳ ಎತ್ತಿಕೊಂಡು ನೆಲದಲ್ಲಿ ತಿರುಗಿಸಿದ. ಅದು ತಿರುಗಿ ತಿರುಗಿ ಬೀಳುವ ತನಕ ಅತ್ತೆ ನೋಡುತ್ತಿದ್ದರು. ಆಮೇಲೆ ಮೊಟ್ಟೆಗೆ ಹೇಳುವಂತೆ ಹೇಳಿದರು:

"ಒಬ್ಬರು ಸಾಹೇಬರು ಅವನ ಬೆನ್ನ ಹಿಂದೆ ನಿಂತು ಕರೆದ್ರು. ಮೂರು ಸಲ. ತಿರುಗಲಿಲ್ಲ. ಆ ವಾರವೇ ವ್ಯಾನು ಬಂತು. ಇಂಥ ಮಕ್ಕಳ ಸ್ಕೂಲಂತೆ, ಅಲ್ಲೇ ಇಟ್ಕೊಂಡು ಎಲ್ಲ ಕಲಿಸ್ತಾರೆ ಅಂದ್ರು, ನಿಮ್ಮ ಮಾವ ಹೂಂ ಅಂದ್ರು. ನೋಡೋಕೆ ಹೋದ್ರೆ ಗಾಜಿನಾಚೆಯಿಂದ ತೋರಿಸೋರು. ನಾವು ಒಳಗೆ ಹೋದ್ರೆ ಕಲಿತದ್ದು ಕೆಡುತ್ತಂತೆ. ಆ ಮಕ್ಕಳೆಲ್ಲ ಬೆನ್ನು ಮಾಡಿ ಕೂತಿರೋರು. ನಾನು ಹೆಣೆದ ನೀಲಿ ಸ್ವೆಟರು ನೋಡಿ ಗುರುತು ಹಿಡೀತಿದ್ದೆ. ಒಂದು ಸಲ ಹೋದಾಗ ನೀಲಿ ಸ್ವೆಟರಿನ ಮಗು ಈ ಕಡೆ ತಿರುಗ್ತು. ಅದು ಬೇರೆ ಮಗು."

"ಅತ್ತೆ..."

"ಜ್ವರ ಬಂದು ಹೋಗಿಬಿಟ್ಟಿದ್ನಂತೆ. ಹೇಳಿ ಕಳಿಸಿದ್ವಿ ಅಂದ್ರು. ನಮ್ಮನೆಗೆ ಯಾರೂ ಬಂದಿರಲಿಲ್ಲ. ಅದಕ್ಕೆ ಮೊದಲು ಎಷ್ಟು ಸಲ ಆ ಬೇರೆ ಮಗುವನ್ನ ನೋಡಿ, ನನ್ನ ಮಗ ಚೆನ್ನಾಗಿದಾನೆ ಅಂತ ಮನೆಗೆ ಬಂದಿದ್ನೋ." ಅತ್ತೆ ಸುಲಿದ ಮೊಟ್ಟೆಯನ್ನು ತಟ್ಟೆಗೆ ಹಾಕಿದರು. "ತಿನ್ನಿಸು ಅವನಿಗೆ. ಆರುತ್ತೆ."

ಆ ದಿನದಿಂದ ಸೊಸೆಗೆ ಮನೆಯಲ್ಲಿ ಓಡಾಡುವುದು ಕಷ್ಟವಾಯಿತು. ಹಿಂದಿನ ಕೋಣೆಗೆ ಬಟ್ಟೆ ತೆಗೆಯಲು ಹೋದರೆ ಚಿಲಕದ ಕೆಳಗೆ, ಬಾಗಿಲ ಒಳಮೈಯಲ್ಲಿ, ಬಣ್ಣ ಸವೆದ ಜಾಗ ಕಣ್ಣಿಗೆ ಬಿತ್ತು. ಮಗುವಿನ ಎದೆಯೆತ್ತರದಲ್ಲಿ, ಎರಡು ಅಂಗೈಯಗಲ. ಆರು ವರ್ಷ ಆ ಬಾಗಿಲು ಒರೆಸಿದ್ದವಳು ಅವಳೇ. ಊಟದ ಹೊತ್ತಿಗೆ ಹೆಚ್ಚಿನ ತಟ್ಟೆ ಬಂದಾಗ ಅತ್ತೆಯ ಕೈಯನ್ನು ನೋಡದೆ ಉಪ್ಪಿನ ಡಬ್ಬಿ ನೋಡುತ್ತಿದ್ದಳು. ನಡುಮನೆಯಲ್ಲಿ ಏನೋ ಗರಗರ ತಿರುಗುವ ಸದ್ದು ಬಂದಾಗ, ಬುಗುರಿ ತನ್ನ ತೊಡೆಯ ಮೇಲೆಯೇ ನಿದ್ದೆ ಹೋಗಿದ್ದಾನೆಂಬುದು ಒಮ್ಮೆ ತಡವಾಗಿ ನೆನಪಾಯಿತು. ಎದ್ದು ನೋಡಿದರೆ ಏನೂ ಇಲ್ಲ. ಪಕ್ಕದ ಮನೆಯ ಫ್ಯಾನು ಇರಬೇಕು.

ಗಂಡನನ್ನು ಬಟ್ಟೆ ಒಣಗಿಸುವ ಜಾಗದಲ್ಲಿ ಹಿಡಿದಳು.

"ರೀ, ನನಗ್ಯಾಕೆ ಹೇಳಲಿಲ್ಲ?"

"ಏನು ಹೇಳೋದು? ನನಗೆ ಹೇಳಿದ್ದೇ ಅಣ್ಣ ಸ್ಕೂಲಿಗೆ ಹೋದ ಅಂತ. ಆಮೇಲೆ ನನ್ನನ್ನ ಸ್ಕೂಲಿಗೆ ಸೇರಿಸಿದ್ರು. ದಿನಾ ಚಡ್ಡೀಲೇ ಉಚ್ಚೆ ಹೊಯ್ಕೊಳ್ತಿದ್ದೆ. ಸ್ಕೂಲಿಗೆ ಹೋದವರು ವಾಪಸ್ಸು ಬರಲ್ಲ ಅಂದ್ಕೊಂಡಿದ್ದೆ."

"ಇದು ಅದಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರ್ತಾನೆ."

"ಗೊತ್ತು ಕಣೇ."

"ಮನೆ ಪಾಠ ಆಗಲ್ಲ ಅನ್ನಲ್ಲ ನಾನು. ಚೆನ್ನಾಗಿ ಮಾಡೋ ಮನೆಗಳಿರ್ತವೆ. ನಮ್ಮನೇಲಿ ಹಗಲು ಇರೋರು ಯಾರು? ಅತ್ತೆ. ಅವರು ಕಲಿಸೋದು ಅವನಿಗೋಸ್ಕರ ಅಲ್ಲ, ಸಾಹೇಬರಿಗೆ ಸಿಕ್ಕಿಬೀಳದೇ ಇರೋಕೆ. ಈಗ ನಾವು ಸುಳ್ಳು ಹೇಳ್ಕೊಂಡೇ ಇದ್ರೆ ಇವನು ಜಾಮಿನ ಮುಚ್ಚಳಕ್ಕೆ ಹುಟ್ಟಿದ ಮಗ ಆಗ್ತಾನೆ, ಅಷ್ಟೇ."

ಅವನಿಗೆ ನಗು ಬಂತು. ಹಾಗೇ ಕಣ್ಣೂ ತುಂಬಿತು. ಒದ್ದೆ ಪ್ಯಾಂಟನ್ನು ಕೊಡವಿ ಹಗ್ಗಕ್ಕೆ ಹಾಕಿದ. "ಪರೀಕ್ಷೆಗೆ ನಾನೂ ಬರ್ತೀನಿ," ಎಂದ. "ಅಮ್ಮ ಮನೇಲಿರ್ಲಿ."

ಸೊಸೆ ಕೇಂದ್ರಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ಬೈಯಲಿಲ್ಲ. ಬೆಳಗಿನ ತಂಡದಲ್ಲಿ ಒಂದೇ ಜಾಗ ಉಳಿದಿದೆ, ಮತ್ತೆ ಪರೀಕ್ಷೆಗೆ ನಾಡಿದ್ದು ಕರೆತನ್ನಿ ಎಂದರು. ಅದರ ಹಿಂದಿನ ದಿನ ಸೊಸೆ ಮನೆಯಲ್ಲಿದ್ದ ಆ ಮುಚ್ಚಳವನ್ನು ಎಸೆಯಲು ಹುಡುಕಿದಳು. ಸಿಗಲಿಲ್ಲ.

"ನನ್ನ ಹತ್ರ ಇಲ್ಲ," ಎಂದರು ಅತ್ತೆ, ಎರಡೂ ಅಂಗೈ ಚಾಚಿ ತೋರಿಸಿ. ಅಂಗೈ ನಿಜಕ್ಕೂ ಖಾಲಿಯಿತ್ತು.

ಎರಡನೇ ಪರೀಕ್ಷೆಯ ದಿನ ರಸ್ತೆ ಅಗೆಯುವ ಯಂತ್ರ ಇರಲಿಲ್ಲ. ಕೋಣೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಬುಗುರಿಯ ಉಸಿರು ಕೇಳುತ್ತಿತ್ತು. ಗಂಡ ಹೆಂಡತಿ ಗೋಡೆಗೊರಗಿ ಪಕ್ಕಪಕ್ಕ ಕೂತರು. ಮೇಡಂ ಬೆನ್ನ ಹಿಂದೆ ನಿಂತರು.

"ಬುಗುರಿ."

ಇಲ್ಲ.

"ಬುಗುರಿ."

ಇಲ್ಲ. ಚಕ್ರ ತಿರುಗುತ್ತಿತ್ತು. ಸೊಸೆಯ ಪಕ್ಕದಲ್ಲಿ ಗಂಡ ಜೇಬಿಗೆ ಕೈ ಹಾಕಿದ.

"ಬುಗುರಿ," ಎಂದರು ಮೇಡಂ ಮೂರನೇ ಸಲ.

ಟಿಕ್.

ಬುಗುರಿ ತಿರುಗಿ ನೋಡಿದ. ಅಪ್ಪನ ಕಡೆ.

ಸೊಸೆ ಗಂಡನ ಮಣಿಕಟ್ಟು ಹಿಡಿದು ಜೇಬಿನಿಂದ ಹೊರಗೆಳೆದಳು. ಮುಷ್ಟಿ ಬಿಡಿಸಬೇಕಾಗಲಿಲ್ಲ, ಅವನೇ ಬಿಟ್ಟ. ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು.

"ನಾನು ಒತ್ತಬೇಕು ಅಂತ ತಂದಿರಲಿಲ್ಲ," ಎಂದ ಅವನು. ಹೆಂಡತಿಗೆ ಹೇಳಿದನೋ ಮೇಡಂಗೆ ಹೇಳಿದನೋ, ಅವನಿಗೇ ಗೊತ್ತಿರಲಿಲ್ಲ. "ಮೂರನೇ ಸಲ ಕರೆದ್ರಲ್ಲ. ಕೈ ತಡೀಲಿಲ್ಲ."

"ಅವನು ಹೆಸರಿಗೆ ತಿರುಗಲಿಲ್ಲ ಮೇಡಂ," ಎಂದಳು ಸೊಸೆ. "ಇಲ್ಲ ಅಂತ್ಲೇ ಹಾಕ್ಕೊಳ್ಳಿ."

ಜಾಗ ಸಿಕ್ಕಿತು. ಆದರೆ ಸೊಸೆ ಕೂತಲ್ಲಿಂದ ಏಳಲಿಲ್ಲ. "ಒಂದು ಮಾತು. ಮನೆಯವರು ಯಾವಾಗ ಬೇಕಾದ್ರೂ ಬಾಗಿಲು ತೆಗೆದು ನೋಡಬಹುದು ಅಂದ್ರೆ ಮಾತ್ರ ಕಳಿಸ್ತೀನಿ."

"ಮಕ್ಕಳ ಗಮನ ಕದಲುತ್ತೆ. ನೋಡೋಕೆ ಗಾಜಿದೆಯಲ್ಲ?"

"ಗಾಜು ಬೇಡ ಮೇಡಂ. ಬಾಗಿಲು."

ಮೇಡಂ ಅವಳ ಮುಖ ನೋಡಿದರು, ಗಂಡನ ಮುಖ ನೋಡಿದರು. "ಸದ್ದು ಮಾಡಬಾರದು," ಎಂದರು.

ಆ ರಾತ್ರಿ ಅತ್ತೆ ಸೊಸೆಯ ಜೊತೆ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ತಂಡ ಶುರುವಾಗುವ ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಹೆಣ ದಾಟಬೇಕು ಅಂದ್ರಲ್ಲ ಅತ್ತೆ," ಎಂದಳು ಸೊಸೆ. "ಹೆಣಕ್ಕೂ ಬಸ್ಸಿಗೆ ಹೊತ್ತಾಗುತ್ತೆ, ನಡಿ," ಎಂದರು.

ಕೇಂದ್ರದಲ್ಲಿ ಮಕ್ಕಳಿಗೆಲ್ಲ ಹಸಿರು ಮೇಲಂಗಿ ತೊಡಿಸಿ ಒಳಗೆ ಕರೆದೊಯ್ದರು. ಬುಗುರಿ ಹಿಂದೆ ನೋಡಲಿಲ್ಲ. ಅವನು ಯಾವತ್ತು ನೋಡಿದ್ದ? ಅತ್ತೆ ಹೊರಗಿನ ಬೆಂಚಿನಲ್ಲಿ ಕೂತರು. ಒಂದು ಗಳಿಗೆ ಬಿಟ್ಟು ಎದ್ದರು, ಬಾಗಿಲು ತೆಗೆದರು, ಒಳಗೆ ನಡೆದು ಮುಖ ನೋಡಿದರು, ಬಂದು ಕೂತರು. "ಇವನೇ," ಎಂದರು. ಮತ್ತೆ ಎದ್ದರು. ಮತ್ತೆ, "ಇವನೇ." ದಿನಾ ಇದೇ ಆಯಿತು. ಒಳಗಿನವರಿಗೆ ಅಭ್ಯಾಸವಾಯಿತು; ಅವರು ಬಂದಾಗ ಯಾರೂ ತಲೆಯೆತ್ತುತ್ತಿರಲಿಲ್ಲ. ಸೊಸೆಗೆ ಮೊದಲು ಸಂಕೋಚವಾಯಿತು, ಆಮೇಲೆ ಕೋಪ ಬಂತು, ಆಮೇಲೆ ಅವರನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗತೊಡಗಿದಳು. ಎರಡನೇ ವಾರದ ಕೊನೆಗೆ ಬುಗುರಿ ಊಟದ ಮೇಜಿನಲ್ಲಿ ಖಾಲಿ ಲೋಟ ಎತ್ತಿ ಅಮ್ಮನ ಕೈಗೆ ಕೊಟ್ಟ. ನೀರು ಬೇಕೆಂದು ಅವನು ಕೇಳಿದ್ದು ಅದೇ ಮೊದಲು. ಅತ್ತೆಯ ಕೈ ಹೂಜಿಯತ್ತ ಹೋಗಿ, ಅರ್ಧ ದಾರಿಯಲ್ಲಿ ತಾನಾಗಿ ನಿಂತಿತು.

ಮೂರನೇ ವಾರ ಅತ್ತೆಗೆ ನೆಗಡಿ ಜ್ವರ. ಸೊಸೆ ಅರ್ಧ ದಿನ ರಜೆ ಹಾಕಿ ತಾನೇ ಮಗುವನ್ನು ಕೇಂದ್ರಕ್ಕೆ ಕರೆತಂದು ಬಿಟ್ಟಳು. ಅಂಗಡಿಗೆ ಹೋಗಿ ಔಷಧಿ ತರಬೇಕಿತ್ತು, ವಿದ್ಯುತ್ ಬಿಲ್ಲು ಕಟ್ಟಬೇಕಿತ್ತು. ಹೋಗಬಹುದಿತ್ತು. ಕೂತಳು. ಒಳಗಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಸದ್ದಿಲ್ಲ. ಹೊರಡೋಣವೆಂದು ಎದ್ದವಳ ಕೈ ಬಾಗಿಲ ಹಿಡಿಯ ಮೇಲಿತ್ತು.

ತೆರೆದಳು. ಉದ್ದದ ಮೇಜು, ಈ ಕಡೆಗೆ ಬೆನ್ನು ಮಾಡಿ ಕೂತ ಎಂಟು ಮಕ್ಕಳು, ಎಂಟು ಹಸಿರು ಬೆನ್ನು. ಎಲ್ಲರಿಗೂ ಒಂದೇ ಥರ ಕತ್ತರಿಸಿದ ಕೂದಲು. ಅವಳು ಹೊಸಿಲಲ್ಲಿ ನಿಂತು ಹುಡುಕಿದಳು. ಯಾವುದೂ ತನ್ನದೆಂದು ಅನಿಸಲಿಲ್ಲ.

ಚಪ್ಪಲಿ ಕಳಚಿ ಒಳಗೆ ಹೋದಳು. ಮೇಜಿನ ಆ ತುದಿಯಿಂದ ಸುತ್ತಿ, ಬಗ್ಗಿ, ಒಂದೊಂದೇ ಮುಖ ನೋಡುತ್ತ ಬಂದಳು. ಮೂರನೆಯದು ಬುಗುರಿ. ಕೋಲಿಗೆ ಬಳೆ ಹಾಕುತ್ತಿದ್ದ, ತುಟಿ ಕಚ್ಚಿಕೊಂಡು. ತಲೆಯೆತ್ತಲಿಲ್ಲ.

ಅವನೇ. ಸಂಶಯವೇ ಇರಲಿಲ್ಲ. ಆದರೂ ಮಿಕ್ಕ ಐದು ಮುಖಗಳನ್ನೂ ನೋಡಿಯೇ ಅವಳು ಹೊರಗೆ ಬಂದಳು.